ಉರಿಯೂತವೂ ಕಾಯಿಪಲ್ಯವೂ

ಹಣ್ಣು ತರಕಾರಿಗಳು ಮೈಗೆ ಒಳ್ಳೆಯವು, ಅವನ್ನು ಬಿಡದೆ ತಿನ್ನಬೇಕು ಎಂಬ ಉಪದೇಶವನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಉಪದೇಶ ಹಳೆಯದಾದಷ್ಟೂ ಅದರ ಕಡೆಗೆ ಕಿವಿಗೊಡುವವರು ಕಡಿಮೆಯಾಗುವುದು ಲೋಕದ ರೂಢಿ. ಏಕೆ ಒಳ್ಳೆಯವು, ಯಾವ ಬಗೆಯಲ್ಲಿ ಒಳ್ಳೆಯವು, ಹಾಗೆಂದು ತಿಳಿದದ್ದಾದರೂ ಹೇಗೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. 2020ರಲ್ಲಿ ಕೊರೋನಾ ಪಿಡುಗು ಹಬ್ಬಿದಾಗ ರೋಗನಿರೋಧಕ ಶಕ್ತಿ ಎಂಬ ಮಾತು ಮನೆಮಾತಾಯಿತು. ಔಷಧದ ಅಂಗಡಿಗಳಲ್ಲಿ ಜನರು ಸಿ ವಿಟಮಿನ್ ಗುಳಿಗೆಗಳನ್ನು ಕೇಳಿ ಕೇಳಿ ಕೊಂಡರು. ಆಗ ಹಲವು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಮೂಡಿದ ಪ್ರಶ್ನೆಯೊಂದು ಇಂದಿಗೂ ಮೂಡುತ್ತಲೇ ಇದೆ. ಹಣ್ಣು ತರಕಾರಿಗಳ ಗುಣವೆಲ್ಲ ಅವುಗಳಲ್ಲಿರುವ ಕೆಲವು ರಾಸಾಯನಿಕ ವಸ್ತುಗಳಿಂದಲೇ ಬರುವುದಾದರೆ, ಆ ವಸ್ತುಗಳನ್ನೇ ಗುಳಿಗೆಯ ರೂಪದಲ್ಲಿ ನುಂಗಿದರೆ ಸಾಲದೆ? ಪಲ್ಯವನ್ನು ಎಲೆಯ ಅಂಚಿನಲ್ಲೇ ಬಿಟ್ಟೇಳುವವರಿಗೆ ಇದಕ್ಕಿಂತ ಅನುಕೂಲವಾದ ಮಾರ್ಗ ಬೇರೊಂದಿಲ್ಲ.

ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಬಹು ದೊಡ್ಡ ವಿಜ್ಞಾನಿಗಳೂ ಇದನ್ನೇ ಕೇಳಿದರು. ಉತ್ತರವನ್ನು ಪಡೆಯಲು ಸಾವಿರಾರು ಜನರನ್ನು ಕೂಡಿಸಿಕೊಂಡು ವರ್ಷಗಟ್ಟಲೆ ಪರೀಕ್ಷೆಗಳು ನಡೆದವು. ದೊರೆತ ಉತ್ತರ ಅವರು ನಿರೀಕ್ಷಿಸಿದ್ದಕ್ಕೆ ತೀರ ವಿರುದ್ಧವಾಗಿತ್ತು. ಅದನ್ನು ಅರಿಯಬೇಕಾದರೆ ಮೊದಲು ನಮ್ಮ ಮೈಯ ರಕ್ಷಣೆಯ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ.

ಉರಿಯೂತವೆಂದರೇನು?

ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿತೆನ್ನಿ. ಕೆಲವು ಗಂಟೆಗಳೊಳಗೆ ಗಾಯದ ಸುತ್ತಲಿನ ಚರ್ಮ ಕೆಂಪೇರುತ್ತದೆ, ಮುಟ್ಟಿದರೆ ಬಿಸಿಯಾಗಿರುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ಸೆಲ್ಸಸ್ ಎಂಬ ರೋಮನ್ ಲೇಖಕನು ಈ ನಾಲ್ಕು ಲಕ್ಷಣಗಳನ್ನೂ ಒಟ್ಟಿಗೆ ಬರೆದಿಟ್ಟಿದ್ದಾನೆ. ನಮ್ಮ ಕನ್ನಡದಲ್ಲಿ ಇದಕ್ಕೆ ಉರಿಯೂತವೆಂದು ಹೆಸರು. ಆ ಒಂದು ಮಾತಿನಲ್ಲಿ ಉರಿಯೂ ಇದೆ, ಊತವೂ ಇದೆ.

ಚರ್ಮ ಹರಿದೊಡನೆ ಹೊರಗಿನ ಸೂಕ್ಷ್ಮಜೀವಿಗಳು ಒಳಗೆ ನುಗ್ಗುತ್ತವೆ. ಅಲ್ಲಿ ಮೊದಲೇ ನೆಲೆಸಿರುವ ಕಾವಲಿನ ಜೀವಕೋಶಗಳು ಅವನ್ನು ಗುರುತಿಸಿ ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಆ ಸಂದೇಶ ಮುಟ್ಟಿದ ಕಡೆ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚು ರಕ್ತ ಹರಿಯುವುದರಿಂದ ಕೆಂಪು ಬಣ್ಣವೂ ಬಿಸಿಯೂ ಉಂಟಾಗುತ್ತವೆ. ನಾಳಗಳ ಗೋಡೆ ಸಡಿಲವಾಗಿ ದ್ರವ ಹೊರಕ್ಕೆ ಜಿನುಗುವುದರಿಂದ ಊತ ಬರುತ್ತದೆ. ಊತದ ಒತ್ತಡವೂ ಸಂದೇಶದ ವಸ್ತುಗಳೂ ನರಗಳನ್ನು ಕೆಣಕುವುದರಿಂದ ನೋವಾಗುತ್ತದೆ. ಈ ಸಡಿಲವಾದ ಗೋಡೆಯ ಸಂದಿನಿಂದಲೇ ಬಿಳಿಯ ರಕ್ತಕಣಗಳು ನುಸುಳಿ ಹೊರಬಂದು ಸೂಕ್ಷ್ಮಜೀವಿಗಳನ್ನು ನುಂಗಿಹಾಕುತ್ತವೆ. ರಷ್ಯದ ಜೀವವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸೀನ ನಗರದಲ್ಲಿದ್ದಾಗ ನಕ್ಷತ್ರಮೀನಿನ ಮರಿಯ ಪಾರದರ್ಶಕವಾದ ಮೈಗೆ ಮುಳ್ಳನ್ನು ಚುಚ್ಚಿಟ್ಟು, ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅಲೆದಾಡುವ ಜೀವಕೋಶಗಳು ಮುಳ್ಳಿನ ಸುತ್ತ ಗುಂಪುಗೂಡಿದ್ದುವು. ಈ ದಾರಿಯಲ್ಲಿ ನಡೆದ ಸಂಶೋಧನೆಗಾಗಿ ಅವನಿಗೆ 1908ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಆದುದರಿಂದ ಉರಿಯೂತವೆಂಬುದು ಮೂಲತಃ ರೋಗವಲ್ಲ, ರಕ್ಷಣೆಯ ಉಪಾಯ. ಅದನ್ನು ಒಲೆಯ ಬೆಂಕಿಗೆ ಹೋಲಿಸಬಹುದು. ಬೆಂಕಿಯಿಲ್ಲದೆ ಅಡಿಗೆಯಾಗದು, ಆದರೆ ಅದೇ ಬೆಂಕಿ ಸೂರಿಗೆ ತಗಲಿದರೆ ಮನೆಯೇ ಉಳಿಯದು. ಬೇಕಾದಾಗ ಹೊತ್ತಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಆರಬೇಕು. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿರೆಂದು ಜಾಹೀರಾತುಗಳು ಹೇಳುತ್ತವೆ. ಆದರೆ ಆ ಶಕ್ತಿ ಕೆರೆಯ ನೀರಿನಂತೆ ಮಟ್ಟವನ್ನು ಏರಿಸುತ್ತ ಹೋಗಬಹುದಾದ ವಸ್ತುವಲ್ಲ. ನಿರುಪದ್ರವಿಯಾದ ಹೂವಿನ ಪರಾಗವನ್ನೇ ಶತ್ರುವೆಂದು ಬಗೆದು ಅದು ಕೆರಳಿದರೆ ಅಲರ್ಜಿಯ ನೆಗಡಿ ಬರುತ್ತದೆ. ತನ್ನ ಮೈಯ ಕೀಲುಗಳ ಮೇಲೆಯೇ ಬಿದ್ದರೆ ಸಂಧಿವಾತ ಬರುತ್ತದೆ. ಬೇಕಾದದ್ದು ಹೆಚ್ಚಳವಲ್ಲ, ಹದ.

ಆರದ ಕೆಂಡ

ಮೊಣಕಾಲಿನ ಉರಿಯೂತ ಕೆಲವು ದಿನಗಳಲ್ಲಿ ಅಡಗುತ್ತದೆ. ಆದರೆ ಕಣ್ಣಿಗೆ ಕಾಣದ, ನೋವೂ ಇಲ್ಲದ, ವರ್ಷಗಟ್ಟಲೆ ಬೂದಿಯಡಿಯ ಕೆಂಡದಂತೆ ಉಳಿಯುವ ಉರಿಯೂತವೊಂದುಂಟು. ಹೊಗೆಸೊಪ್ಪಿನ ಹೊಗೆ, ಹೊಟ್ಟೆಯೊಳಗೆ ಸೇರಿದ ಅತಿಯಾದ ಕೊಬ್ಬು, ವಸಡಿನ ಹುಣ್ಣು ಮುಂತಾದುವು ಅದನ್ನು ಊದುತ್ತಿರುತ್ತವೆ. ಹೃದಯದ ರಕ್ತನಾಳಗಳ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವ ರೋಗದಲ್ಲಿಯೂ ಸಿಹಿಮೂತ್ರರೋಗದಲ್ಲಿಯೂ ಇದರ ಕೈವಾಡವಿದೆಯೆಂಬುದು ಈಗ ಗೊತ್ತಾಗಿದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಸಾಕ್ಷಿ. ಹಿಂದೊಮ್ಮೆ ಹೃದಯಾಘಾತವಾಗಿದ್ದು, ರಕ್ತದಲ್ಲಿ ಉರಿಯೂತದ ಗುರುತು ಉಳಿದಿದ್ದ 10,061 ರೋಗಿಗಳನ್ನು ಅದರಲ್ಲಿ ಆರಿಸಿಕೊಳ್ಳಲಾಗಿತ್ತು. ಉರಿಯೂತದ ಒಂದು ಸಂದೇಶವಸ್ತುವನ್ನು ಮಾತ್ರ ತಡೆಯುವ ಔಷಧವನ್ನು ಕೆಲವರಿಗೆ ಮೂರು ತಿಂಗಳಿಗೊಮ್ಮೆ ಚುಚ್ಚಿದರು. ಔಷಧದ ಮಧ್ಯಮ ಪ್ರಮಾಣವನ್ನು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಅಪಾಯಗಳು ಶೇಕಡ 15ರಷ್ಟು ಕಡಿಮೆಯಾದುವು. ಆದರೆ ಫಲಿತಾಂಶದ ಇನ್ನೊಂದು ಭಾಗವನ್ನೂ ನಾವು ಮರೆಯಬಾರದು. ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರ ಸಂಖ್ಯೆ ಹೆಚ್ಚಾಗಿತ್ತು. ಸೂರಿನ ಬೆಂಕಿಯನ್ನು ಆರಿಸಲು ಸುರಿದ ನೀರು ಒಲೆಯ ಬೆಂಕಿಯನ್ನೂ ತಗ್ಗಿಸಿತು. ಒಲೆಯನ್ನು ಉಳಿಸಿ ಸೂರನ್ನು ಕಾಯುವ ಬಗೆಯಾವುದಾದರೂ ಉಂಟೆ ಎಂಬುದೇ ಈಗ ನಮ್ಮೆದುರಿಗಿರುವ ಪ್ರಶ್ನೆ.

ಕಾಣದ ಕೆಂಡವನ್ನು ಅಳೆಯುವ ಬಗೆ

ಕಣ್ಣಿಗೆ ಕಾಣದ ಉರಿಯೂತವನ್ನು ಅಳೆಯುವುದು ಹೇಗೆ? ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಪರೀಕ್ಷೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಕೂಡಲೇ ಅರ್ಥವಾಗುವಂಥದು. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರು ಕೆಳಗಿಳಿದುವೆಂದು ನೋಡುವುದೇ ಆ ಪರೀಕ್ಷೆ. ಆಸ್ಪತ್ರೆಯ ಚೀಟಿಗಳಲ್ಲಿ ಇದನ್ನು ಇ.ಎಸ್.ಆರ್. ಎಂದು ಬರೆಯುತ್ತಾರೆ. ಸ್ವೀಡನ್ನಿನ ಫೋರೇಯಸ್ ಮತ್ತು ವೆಸ್ಟರ್‌ಗ್ರೆನ್ ಎಂಬವರು 1921ರ ಸುಮಾರಿಗೆ ಇದನ್ನು ವ್ಯವಸ್ಥಿತವಾಗಿ ಬಳಕೆಗೆ ತಂದರು.

ದ್ರವದಲ್ಲಿ ಮುಳುಗುವ ಸಣ್ಣ ಗುಂಡಿನ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬ ಸ್ಟೋಕ್ಸ್ ನಿಯಮವನ್ನು ನಾವು ತರಗತಿಯಲ್ಲಿ ಕಲಿಯುತ್ತೇವಷ್ಟೆ. ಆರೋಗ್ಯವಂತನ ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತ ಬೇರೆಬೇರೆಯಾಗಿಯೇ ಇದ್ದು, ನಿಧಾನವಾಗಿ ಇಳಿಯುತ್ತವೆ. ಮೈಯಲ್ಲಿ ಉರಿಯೂತವಿದ್ದರೆ ಯಕೃತ್ತು ಫೈಬ್ರಿನೊಜನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಅದರ ಉದ್ದನೆಯ ಅಣುಗಳ ದೆಸೆಯಿಂದ ಕಣಗಳು ನಾಣ್ಯಗಳನ್ನು ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಂಟು ಕಣಗಳು ಸೇರಿ ಒಂದು ಗುಂಡಾದ ಗಂಟಾಯಿತೆಂದು ಭಾವಿಸೋಣ. ಗಾತ್ರ ಎಂಟು ಪಟ್ಟು, ತ್ರಿಜ್ಯ ಎರಡು ಪಟ್ಟು. ಆದುದರಿಂದ ಇಳಿಯುವ ವೇಗ ನಾಲ್ಕು ಪಟ್ಟು. ಮೈಯೊಳಗಿನ ಕೋಲಾಹಲ ಗಾಜಿನ ನಳಿಗೆಯಲ್ಲಿ ಮಿಲಿಮೀಟರುಗಳಾಗಿ ಕಾಣುವುದು ಹೀಗೆ.

ಸಣ್ಣ ಕೆಂಡವನ್ನು ಪತ್ತೆಹಚ್ಚಲು ಈ ಅಳತೆ ಸಾಲದು. ಅದಕ್ಕೆ ಸಿ.ಆರ್.ಪಿ. ಎಂಬ ಇನ್ನೊಂದು ಪ್ರೋಟೀನನ್ನು ಅಳೆಯುತ್ತಾರೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬವರು 1930ರಲ್ಲಿ ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಇದೂ ಯಕೃತ್ತಿನಲ್ಲಿಯೇ ಹುಟ್ಟತಕ್ಕದ್ದು. ತೀವ್ರವಾದ ಸೋಂಕಿನಲ್ಲಿ ಲೀಟರು ರಕ್ತದ್ರವಕ್ಕೆ 100 ಮಿಲಿಗ್ರಾಮನ್ನೂ ಮೀರಿ ಏರುವ ಈ ಪ್ರೋಟೀನು, ಕೆಂಡದಂತಹ ಉರಿಯೂತದಲ್ಲಿ 3 ಮಿಲಿಗ್ರಾಮಿನ ಸುತ್ತಮುತ್ತ ಸುಳಿದಾಡುತ್ತಿರುತ್ತದೆ. 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಒಳ್ಳೆಯದು. ಅಮೆರಿಕದ ವೈದ್ಯರನ್ನೇ ಕುರಿತು ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಪ್ರೋಟೀನು ಅತಿ ಹೆಚ್ಚಾಗಿದ್ದ ಕಾಲುಭಾಗದವರಿಗೆ ಅತಿ ಕಡಿಮೆಯಿದ್ದ ಕಾಲುಭಾಗದವರಿಗಿಂತ ಮುಂದೆ ಹೃದಯಾಘಾತವಾಗುವ ಸಂಭವ ಮೂರರಷ್ಟಿತ್ತು. ಸಿ.ಆರ್.ಪಿ. ತಾನೇ ಬೆಂಕಿಯಲ್ಲ, ಹೊಗೆ. ಆದರೆ ಹೊಗೆಯನ್ನು ಅಳೆದು ಬೆಂಕಿಯನ್ನು ಊಹಿಸಬಹುದು.

ತಟ್ಟೆಯಿಂದ ರಕ್ತಕ್ಕೆ

ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರ ರಕ್ತದಲ್ಲಿ ಸಿ.ಆರ್.ಪಿ. ಕಡಿಮೆಯಿರುವುದು ಅನೇಕ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರಬಹುದೆ? ಬರಲಾಗದು. ತರಕಾರಿಗಳನ್ನು ತಿನ್ನುವವರಲ್ಲಿ ಬೀಡಿ ಸಿಗರೇಟು ಸೇದುವವರು ಕಡಿಮೆ, ವ್ಯಾಯಾಮ ಮಾಡುವವರು ಹೆಚ್ಚು, ಹಣವುಳ್ಳವರೂ ಹೆಚ್ಚು. ಗುಣ ತರಕಾರಿಯದೋ ಈ ಇತರ ಸಂಗತಿಗಳದೋ ಹೇಳುವುದು ಕಷ್ಟ. ಪ್ರಯೋಗಶಾಲೆಯಲ್ಲಿ ನಾವು ಒಂದು ಪರಿಮಾಣವನ್ನು ಬದಲಿಸುವಾಗ ಉಳಿದುವನ್ನು ಸ್ಥಿರವಾಗಿಡುವಂತೆ, ಇಲ್ಲಿಯೂ ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಆಹಾರವನ್ನು ಮಾತ್ರ ಬದಲಿಸಿ ನೋಡಬೇಕು.

ಅಂಥ ಒಂದು ಪ್ರಯೋಗ ಜರ್ಮನಿಯಲ್ಲಿ ನಡೆದು 2005ರಲ್ಲಿ ಪ್ರಕಟವಾಯಿತು. ಧೂಮಪಾನ ಮಾಡದ 63 ಮಂದಿ ಆರೋಗ್ಯವಂತ ಗಂಡಸರು ಮೊದಲ ನಾಲ್ಕು ವಾರ ದಿನಕ್ಕೆ ಎರಡು ಪಾಲಿಗೆ ಮೀರದಂತೆ ಹಣ್ಣು ತರಕಾರಿಗಳನ್ನು ತಿಂದರು. ಮುಂದಿನ ನಾಲ್ಕು ವಾರ ಒಂದು ಗುಂಪಿಗೆ ದಿನಕ್ಕೆ ಎರಡು, ಇನ್ನೊಂದಕ್ಕೆ ಐದು, ಮತ್ತೊಂದಕ್ಕೆ ಎಂಟು ಪಾಲು ಕೊಟ್ಟರು. ಎಂಟು ಪಾಲು ತಿಂದವರಲ್ಲಿ, ಎರಡು ಪಾಲಿನವರೊಡನೆ ಹೋಲಿಸಿದರೆ, ಸಿ.ಆರ್.ಪಿ. ಸ್ಪಷ್ಟವಾಗಿ ಇಳಿದಿತ್ತು. ಅದೇ ಸಮಯದಲ್ಲಿ ಅಳೆದ ರಕ್ಷಣಾಕಣಗಳ ಕಾರ್ಯದಲ್ಲಿ ಗುಂಪು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಹೊಗೆ ತಗ್ಗಿತು, ಒಲೆ ಆರಲಿಲ್ಲ.

ಇನ್ನೊಂದು ಪ್ರಯೋಗ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ್ದು, ಪ್ರಕಟವಾದದ್ದು 2012ರಲ್ಲಿ. 65ರಿಂದ 85 ವರ್ಷ ವಯಸ್ಸಿನ, ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ಹಣ್ಣು ತರಕಾರಿ ತಿನ್ನದ 83 ಮಂದಿ ವೃದ್ಧರನ್ನು ಆರಿಸಿಕೊಂಡು, ಅರ್ಧದಷ್ಟು ಜನರಿಗೆ ದಿನಕ್ಕೆ ಐದು ಪಾಲನ್ನಾದರೂ ತಿನ್ನುವಂತೆ ವ್ಯವಸ್ಥೆ ಮಾಡಿದರು. ಉಳಿದವರು ಹಿಂದಿನಂತೆಯೇ ಉಂಡರು. ಹನ್ನೆರಡು ವಾರಗಳಾದ ಮೇಲೆ ಎಲ್ಲರಿಗೂ ನ್ಯುಮೋನಿಯದ ಲಸಿಕೆಯನ್ನೂ ಧನುರ್ವಾಯುವಿನ ಲಸಿಕೆಯನ್ನೂ ಹಾಕಿದರು. ಹದಿನಾರನೆಯ ವಾರದಲ್ಲಿ ನೋಡಿದಾಗ, ನ್ಯುಮೋನಿಯದ ಲಸಿಕೆಗೆ ಎದುರಾಗಿ ಹುಟ್ಟಿದ ಪ್ರತಿಕಾಯಗಳು ಐದು ಪಾಲು ತಿಂದವರಲ್ಲಿ ಹೆಚ್ಚಾಗಿದ್ದುವು. ಧನುರ್ವಾಯುವಿನ ಲಸಿಕೆಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡೂ ಸಣ್ಣ ಪ್ರಯೋಗಗಳೇ. ಬೇರೆ ಕೆಲವು ಪ್ರಯೋಗಗಳಲ್ಲಿ ಇಂಥ ಪರಿಣಾಮ ಕಂಡಿಲ್ಲವೆಂಬುದನ್ನೂ ಹೇಳಬೇಕು. ತರಕಾರಿ ಮಂತ್ರದಂಡವಲ್ಲ. ಆದರೆ ಉರಿಯೂತವನ್ನು ತಗ್ಗಿಸುವುದೂ ರಕ್ಷಣೆಯನ್ನು ಉಳಿಸುವುದೂ ಒಟ್ಟಿಗೆ ಸಾಧ್ಯವೆಂಬುದನ್ನು ಇವು ಸೂಚಿಸುತ್ತವೆ.

ಒಳಗೆ ನಡೆಯುವುದೇನು?

ಮೊದಲನೆಯದಾಗಿ ವಿಟಮಿನ್‌ಗಳು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ ಕೊಟ್ಟನು. ಕಿತ್ತಳೆ ಮತ್ತು ನಿಂಬೆಯ ಹಣ್ಣುಗಳನ್ನು ತಿಂದ ಜೋಡಿ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿತು. ಆ ಹಣ್ಣುಗಳಲ್ಲಿದ್ದ ವಸ್ತು ಸಿ ವಿಟಮಿನ್ ಎಂದು ತಿಳಿಯಲು 1932ರವರೆಗೆ ಕಾಯಬೇಕಾಯಿತು. ಬಹುತೇಕ ಪ್ರಾಣಿಗಳು ಇದನ್ನು ತಮ್ಮ ಮೈಯಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಸಾಮರ್ಥ್ಯವಿಲ್ಲ. ಗಾಯ ಮಾಯಲು ಬೇಕಾದ ಅಂಗಾಂಶದ ಎಳೆಗಳನ್ನು ಹೆಣೆಯುವುದಕ್ಕೆ ಇದು ಬೇಕು. ಬಿಳಿಯ ರಕ್ತಕಣಗಳಂತೂ ಸುತ್ತಲಿನ ರಕ್ತದ್ರವದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಇದನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಸೂಕ್ಷ್ಮಜೀವಿಗಳನ್ನು ಕೊಲ್ಲಲು ತಾವು ಹುಟ್ಟಿಸುವ ಉಗ್ರ ವಸ್ತುಗಳಿಂದ ತಮ್ಮನ್ನೇ ಕಾಪಾಡಿಕೊಳ್ಳಲು ಅವಕ್ಕೆ ಅದು ನೆರವಾಗುತ್ತದೆ.

ಎರಡನೆಯದು ನಾರು. ಸೊಪ್ಪು, ಹುರುಳಿಕಾಯಿ, ಬಾಳೆದಿಂಡು, ಸೀಬೆಹಣ್ಣು ಮುಂತಾದುವುಗಳ ನಾರನ್ನು ಅರಗಿಸಲು ನಮ್ಮಲ್ಲಿ ಕಿಣ್ವಗಳಿಲ್ಲ. ಆದುದರಿಂದ ಅದು ನಿಷ್ಪ್ರಯೋಜಕವೆಂದು ಒಂದು ಕಾಲದಲ್ಲಿ ತಿಳಿಯಲಾಗಿತ್ತು. ಆದರೆ ನಮ್ಮ ದೊಡ್ಡ ಕರುಳಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ವಾಸಮಾಡುತ್ತವೆ. ನಮಗೆ ಕಸವಾದ ನಾರು ಅವಕ್ಕೆ ಊಟ. ಅವು ಅದನ್ನು ಹುಳಿಯೆಬ್ಬಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರಿಕ್ ಆಮ್ಲವೆಂದರೆ ಕೆಟ್ಟ ಬೆಣ್ಣೆಗೆ ಮುಗ್ಗುವಾಸನೆ ತರುವ ವಸ್ತುವೇ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ ಇದೇ ಆಗಿದೆ. ಒಂದೇ ಒಂದು ಜೀವಕೋಶದಷ್ಟು ದಪ್ಪವಾದ ಆ ಪದರ ಒಂದು ಕಡೆ ಬ್ಯಾಕ್ಟೀರಿಯಗಳ ಸಮುದ್ರವನ್ನೂ ಇನ್ನೊಂದು ಕಡೆ ನಮ್ಮ ರಕ್ತವನ್ನೂ ಬೇರ್ಪಡಿಸಿರುವ ಗೋಡೆಯಾಗಿದೆ. ಗೋಡೆ ಬಲವಾಗಿದ್ದರೆ ಕಾವಲುಗಾರರು ಸುಮ್ಮನೆ ಕೆರಳಬೇಕಾದ ಪ್ರಸಂಗವೇ ಬರುವುದಿಲ್ಲ. ಇಷ್ಟೇ ಅಲ್ಲ, ಉರಿಯೂತವನ್ನು ಅಡಗಿಸುವ ನಿಯಂತ್ರಕ ಕಣಗಳೆಂಬ ಒಂದು ಜಾತಿಯ ಬಿಳಿಯ ಕಣಗಳುಂಟು. ನಾರಿನಿಂದ ಹುಟ್ಟುವ ಈ ಆಮ್ಲಗಳು ಕರುಳಿನಲ್ಲಿ ಆ ಕಣಗಳನ್ನು ಹೆಚ್ಚಿಸುತ್ತವೆಂಬುದನ್ನು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆಬೇರೆಯಾಗಿ ಕೆಲಸ ಮಾಡಿದ ಮೂರು ತಂಡಗಳು 2013ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟವು. ನಾರಿಲ್ಲದೆ ಉಪವಾಸ ಬಿದ್ದ ಬ್ಯಾಕ್ಟೀರಿಯಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗುತ್ತವೆಂದು 2016ರಲ್ಲಿ, ಅದೂ ಇಲಿಗಳಲ್ಲಿಯೇ, ಕಂಡುಬಂದಿತು.

ಮೂರನೆಯದು ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆಗಳ ಬಳಗಕ್ಕೆ ಸೇರಿದ ವಿಶೇಷ. ಇವನ್ನು ಹೆಚ್ಚಿದಾಗ ಇಲ್ಲವೆ ಅಗಿದಾಗ ಅವುಗಳಲ್ಲಿನ ಕಿಣ್ವವೊಂದು ಕೆಲಸಕ್ಕೆ ತೊಡಗುತ್ತದೆ. ಮೂಲಂಗಿಯ ಘಾಟು ಅದರದೇ ಫಲ. ಹೀಗೆ ಹುಟ್ಟುವ ಕೆಲವು ವಸ್ತುಗಳು ಜಠರದ ಆಮ್ಲದಲ್ಲಿ ಮಾರ್ಪಟ್ಟು, ಕರುಳಿನ ಗೋಡೆಯಲ್ಲಿ ಹುದುಗಿರುವ ಕಾವಲಿನ ಕಣಗಳಿಗೆ ಅಲ್ಲಿಯೇ ಉಳಿಯಿರೆಂಬ ಸಂಕೇತವನ್ನು ಕೊಡುತ್ತವೆ. 2011ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನ ಸಂಶೋಧಕರು, ಈ ವಸ್ತುಗಳಿಲ್ಲದ ಆಹಾರವನ್ನು ತಿಂದ ಇಲಿಗಳ ಕರುಳಿನಲ್ಲಿ ಆ ಕಣಗಳು ಕುಗ್ಗಿಹೋಗುವುದನ್ನೂ, ಹೂಕೋಸಿನ ಬಂಧುವಾದ ಬ್ರೋಕಲಿಯನ್ನು ಸೇರಿಸಿದಾಗ ಉಳಿದುಕೊಳ್ಳುವುದನ್ನೂ ಕಂಡರು.

ಗುಳಿಗೆಯ ಪಾಠ

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಕ್ಯಾರಟ್, ಪರಂಗಿ, ಮಾವುಗಳಿಗೆ ಹಳದಿ ಕೆಂಪು ಬಣ್ಣವನ್ನು ಕೊಡುವ, ಸೊಪ್ಪಿನ ಹಸಿರಿನಡಿಯಲ್ಲಿ ಅಡಗಿರುವ ಬೀಟಾ ಕ್ಯಾರೊಟೀನ್ ಎಂಬ ವಸ್ತು ನಮ್ಮ ಮೈಯಲ್ಲಿ ಎ ವಿಟಮಿನ್ ಆಗಿ ಮಾರ್ಪಡುತ್ತದೆ. ಇದು ರಕ್ತದಲ್ಲಿ ಹೆಚ್ಚಾಗಿರುವವರಿಗೆ ಶ್ವಾಸಕೋಶದ ಕ್ಯಾನ್ಸರು ಕಡಿಮೆಯೆಂಬುದು ಸಮೀಕ್ಷೆಗಳಿಂದ ತಿಳಿದುಬಂದಿತ್ತು. ಹಾಗಿದ್ದ ಮೇಲೆ ಅದನ್ನೇ ಗುಳಿಗೆ ಮಾಡಿ ಕೊಟ್ಟರೆ ರೋಗವನ್ನು ತಡೆಯಬಹುದಲ್ಲವೆ? ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಆರಿಸಿ, ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನನ್ನು ಐದರಿಂದ ಎಂಟು ವರ್ಷಗಳ ಕಾಲ ಕೊಡಲಾಯಿತು. ಅವರ ರಕ್ತದಲ್ಲಿ ಅದರ ಪ್ರಮಾಣ ಹತ್ತು ಪಟ್ಟಿಗೂ ಮೀರಿ ಏರಿತು. 1994ರಲ್ಲಿ ಫಲಿತಾಂಶ ಹೊರಬಿದ್ದಾಗ ಎಲ್ಲರೂ ಬೆರಗಾದರು. ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡ 18ರಷ್ಟು ಹೆಚ್ಚಾಗಿತ್ತು!

ಇದು ಆಕಸ್ಮಿಕವಿರಬಹುದೆಂದು ಶಂಕಿಸಿದವರೂ ಇದ್ದರು. ಆದರೆ ಅಮೆರಿಕದಲ್ಲಿ ಧೂಮಪಾನಿಗಳು, ಹಿಂದೆ ಧೂಮಪಾನ ಮಾಡುತ್ತಿದ್ದವರು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರು ಸೇರಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಇನ್ನೊಂದು ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟೀನಿನೊಡನೆ ಎ ವಿಟಮಿನ್ನನ್ನೂ ಕೊಡುತ್ತಿದ್ದರು. ಅದರಲ್ಲಿಯೂ ಕ್ಯಾನ್ಸರು ಶೇಕಡ 28ರಷ್ಟು ಹೆಚ್ಚಾದುದು ಕಂಡು, 1996ರ ಜನವರಿಯಲ್ಲಿ, ಗೊತ್ತುಮಾಡಿದ ಅವಧಿಗೆ 21 ತಿಂಗಳು ಮುಂಚಿತವಾಗಿಯೇ ನಿಲ್ಲಿಸಿಬಿಟ್ಟರು. ಬಹುಮಟ್ಟಿಗೆ ಧೂಮಪಾನ ಮಾಡದ 22,071 ವೈದ್ಯರ ಮೇಲೆ ಹನ್ನೆರಡು ವರ್ಷ ನಡೆದ ಮೂರನೆಯ ಪರೀಕ್ಷೆಯಲ್ಲಿ ಗುಳಿಗೆಯಿಂದ ಕೇಡೂ ಆಗಲಿಲ್ಲ, ಒಳಿತೂ ಆಗಲಿಲ್ಲ. ಎಲ್ಲಕ್ಕಿಂತ ಬೋಧಪ್ರದವಾದ ಸಂಗತಿಯೊಂದು ಫಿನ್ಲೆಂಡಿನ ಪರೀಕ್ಷೆಯಲ್ಲಿಯೇ ಇದೆ. ಗುಳಿಗೆ ನುಂಗುವುದಕ್ಕೆ ಮೊದಲು, ಬರಿಯ ಆಹಾರದ ಮೂಲಕ ಯಾರ ರಕ್ತದಲ್ಲಿ ಬೀಟಾ ಕ್ಯಾರೊಟೀನು ಹೆಚ್ಚಾಗಿತ್ತೋ ಅವರಿಗೆ ಕ್ಯಾನ್ಸರು ಕಡಿಮೆಯಾಗಿಯೇ ಬಂದಿತ್ತು. ಆ ಬಣ್ಣ ಊಟದ ಗುರುತಾಗಿತ್ತು. ಊಟದ ಗುಣವೆಲ್ಲ ಅದೊಂದರಲ್ಲೇ ಇರಲಿಲ್ಲ.

ಸಿ ವಿಟಮಿನ್ನಿನ ಕಥೆಯೂ ಇದನ್ನು ಹೋಲುತ್ತದೆ. ಎರಡು ನೊಬೆಲ್ ಪಾರಿತೋಷಕಗಳನ್ನು ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ಪುಸ್ತಕ ಬರೆದು, ಅದನ್ನು ಬಹಳವಾಗಿ ಸೇವಿಸಿದರೆ ನೆಗಡಿಯನ್ನು ತಡೆಯಬಹುದೆಂದು ಸಾರಿದನು. ಅನಂತರದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲವೆಂದು ಕಂಡಿತು. ಪ್ರತಿದಿನ ತಪ್ಪದೆ ಗುಳಿಗೆ ನುಂಗುತ್ತ ಬಂದ ವಯಸ್ಕರಲ್ಲಿ ನೆಗಡಿಯ ಅವಧಿ ಶೇಕಡ 8ರಷ್ಟು ಕುಗ್ಗಿತು, ಅಷ್ಟೆ.

ಹಾಗೆಂದು ಗುಳಿಗೆಗಳೆಲ್ಲ ವ್ಯರ್ಥವೆಂದು ತಿಳಿಯುವುದೂ ತಪ್ಪು. ನೆರೆಯ ತಮಿಳುನಾಡಿನಲ್ಲಿ 15,419 ಪುಟ್ಟ ಮಕ್ಕಳ ಮೇಲೆ ನಡೆದ ಪರೀಕ್ಷೆಯೊಂದರ ವರದಿ 1990ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ವಾರಕ್ಕೊಮ್ಮೆ ಎ ವಿಟಮಿನ್ನನ್ನು ಸಣ್ಣ ಪ್ರಮಾಣದಲ್ಲಿ, ಅಂದರೆ ಒಳ್ಳೆಯ ಊಟದಿಂದಲೇ ಬರಬಹುದಾಗಿದ್ದಷ್ಟು, ಕೊಟ್ಟರು. ಒಂದು ವರ್ಷದಲ್ಲಿ ಅವರಲ್ಲಿ ಸಾವುಗಳು ಶೇಕಡ 54ರಷ್ಟು ಕಡಿಮೆಯಾದುವು. ಅದೇ ಕುಟುಂಬಕ್ಕೆ ಸೇರಿದ ವಸ್ತು ಫಿನ್ಲೆಂಡಿನಲ್ಲಿ ಕೆಡುಕಾಯಿತು, ತಮಿಳುನಾಡಿನಲ್ಲಿ ಪ್ರಾಣದಾನವಾಯಿತು. ಕಾರಣ ಸ್ಪಷ್ಟ. ಒಂದು ಕಡೆ ಕೊರತೆಯನ್ನು ತುಂಬಿದರು. ಇನ್ನೊಂದು ಕಡೆ ತುಂಬಿದ ಕೊಡಕ್ಕೆ ಮತ್ತೆ ಸುರಿದರು. ಕೊರತೆಯಿದೆಯೆಂದು ವೈದ್ಯರು ಹೇಳಿ ಕೊಟ್ಟ ಗುಳಿಗೆಯನ್ನು ಬಿಡಬಾರದು. ಜಾಹೀರಾತಿನ ಮಾತು ಕೇಳಿ ಕೊಂಡ ಗುಳಿಗೆ ಪಲ್ಯಕ್ಕೆ ಬದಲಾಗದು. ಅದರಲ್ಲಿ ಬ್ಯಾಕ್ಟೀರಿಯಗಳಿಗೆ ಊಟವಿಲ್ಲ, ಮೂಲಂಗಿಯ ಘಾಟಿಲ್ಲ.

ನಾವು ಮಾಡಬೇಕಾದದ್ದು

ವಯಸ್ಕನೊಬ್ಬನು ದಿನಕ್ಕೆ 400 ಗ್ರಾಮಿಗೆ ಕಡಿಮೆಯಿಲ್ಲದಂತೆ ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ಸೊಪ್ಪೂ ಸೇರಿದಂತೆ 400 ಗ್ರಾಂ ತರಕಾರಿಯನ್ನೂ 100 ಗ್ರಾಂ ಹಣ್ಣನ್ನೂ ಸೂಚಿಸಿದೆ. ಆಲೂಗೆಡ್ಡೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದು.

ಇದಕ್ಕಾಗಿ ದೂರದೇಶದ ಹಣ್ಣುಗಳನ್ನು ಕೊಳ್ಳಬೇಕಾಗಿಲ್ಲ. ನಮ್ಮ ಹಿತ್ತಲಿನ ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ವಿಟಮಿನ್ ಇದೆ, ನೆಲ್ಲಿಕಾಯಿಯೂ ಹಾಗೆಯೇ. ಕಾಯಿಸಿದರೆ ಸಿ ವಿಟಮಿನ್ ನಷ್ಟವಾಗುತ್ತದೆ. ಆದುದರಿಂದ ಹಸಿಯಾಗಿಯೇ ತಿನ್ನುವ ಕೋಸಂಬರಿಗೂ, ಇಳಿಸಿದ ಮೇಲೆ ಹಿಂಡುವ ನಿಂಬೆರಸಕ್ಕೂ ಅರ್ಥವಿದೆ. ಕ್ಯಾರೊಟೀನಿನ ರೀತಿ ಬೇರೆ. ಬೇಯಿಸಿ, ಸ್ವಲ್ಪ ಎಣ್ಣೆಯ ಒಗ್ಗರಣೆ ಕೊಟ್ಟ ಸೊಪ್ಪಿನ ಪಲ್ಯದಿಂದ ಅದು ಹೆಚ್ಚಾಗಿ ಮೈಗೆ ಹತ್ತುತ್ತದೆ. ಸೊಪ್ಪನ್ನು ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹಳ್ಳಿಯ ಪದ್ಧತಿಯಲ್ಲಿ ನೀರಿಗಿಳಿದ ಸತ್ವವಾದರೂ ಉಳಿಯುತ್ತದೆ. ಹಣ್ಣನ್ನು ಹಿಂಡಿ ಸೋಸಿದ ರಸದಲ್ಲಿ ಸಕ್ಕರೆ ಉಳಿಯುತ್ತದೆ, ನಾರು ಹೋಗುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನುವುದು ಮೇಲು.

ತರಕಾರಿ ಲಸಿಕೆಗೆ ಬದಲಲ್ಲ, ಔಷಧಕ್ಕೂ ಬದಲಲ್ಲ. ಬೀಡಿ ಸಿಗರೇಟುಗಳ ಕೇಡನ್ನು ಅದು ತೊಳೆಯಲಾರದು. ಅದು ಮಾಡುವುದು ದಿನದಿನದ ಸಣ್ಣ ಕೆಲಸ: ಕರುಳಿನ ಗೋಡೆಯನ್ನು ಭದ್ರವಾಗಿಡುವುದು, ಕಾವಲುಗಾರರಿಗೆ ಬೇಕಾದುದನ್ನು ಒದಗಿಸುವುದು, ಬೆಂಕಿಯನ್ನು ಒಲೆಯೊಳಗೇ ಇಡುವುದು.

ಅಳತೆಯಿಲ್ಲದೆ ವಿಜ್ಞಾನವಿಲ್ಲ. ಓದುಗರು ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ತಾವು ತಿನ್ನಲಿರುವ ಹಣ್ಣು ತರಕಾರಿಗಳನ್ನು ಅಡಿಗೆಗೆ ಮೊದಲೇ ಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಲಿ. ಹುಳಿಯಲ್ಲಿ ತೇಲುವ ನಾಲ್ಕು ಹೋಳು, ಮೊಸರನ್ನದ ಬದಿಯ ಉಪ್ಪಿನಕಾಯಿ ಇವನ್ನೆಲ್ಲ ಸೇರಿಸಿಯೂ ಮುಳ್ಳು 500 ಗ್ರಾಮಿನ ಹತ್ತಿರ ಬರುವುದೇ ಎಂದು ನೋಡಲಿ. ಬಾರದಿದ್ದರೆ ಎಷ್ಟು ಕಡಿಮೆಯೆಂಬ ಲೆಕ್ಕ ಎದುರಿಗೇ ಇರುತ್ತದೆ. ಮರುದಿನ ಎಲೆಯ ಅಂಚಿನ ಪಲ್ಯವನ್ನು ಏನು ಮಾಡಬೇಕೆಂದು ಬೇರೆಯಾಗಿ ಹೇಳಬೇಕಾದ ಅಗತ್ಯವಿರುವುದಿಲ್ಲ.